ಬೊಂಬೆಯ ಮೇಲೆ ಪಳಗಿದ ಕೈ



ನಮ್ಮ ಕಾಸರಗೋಡು ಕಡೆಯ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಮಂಗಳೂರಿಗೆ ಹೋಗುತ್ತಾರೆ. ರಜೆಯಲ್ಲಿ ಮಗಳು ಮನೆಗೆ ಬಂದಾಗ ನೀವು ಕೇಳುತ್ತೀರಿ, “ಕಾಲೇಜಿನಲ್ಲಿ ಎಂತ ಕಲಿತೆ ಮಗಳೇ?”

“ಬೊಂಬೆಗೆ ಉಸಿರು ಕೊಡ್ಲಿಕ್ಕೆ ಕಲಿತೆ ಅಮ್ಮ” ಎಂದು ಅವಳು ಹೇಳಬಹುದು.

ನಿಮಗೆ ನಗು ಬಂದೀತು. ಅಷ್ಟು ಫೀಸು ಕಟ್ಟಿದ್ದು ಬೊಂಬೆ ಆಟಕ್ಕಾ ಅಂತ ಅನ್ನಿಸೀತು. ಆದರೆ ಇದು ಆಟ ಅಲ್ಲ. ಯಾಕೆ ಅಲ್ಲ? ಈ ಪಾಠದಲ್ಲಿ ಓದೋಣ.

ಮೊದಲ ಒಂದು ನಿಮಿಷ

ಮಗು ಹುಟ್ಟಿದ ಕೂಡಲೇ ಅಳಬೇಕು. ಅತ್ತರೆ ಉಸಿರಾಡಿತು ಎಂದು ಅರ್ಥ. ಹೆಚ್ಚಿನ ಮಕ್ಕಳು ತಾವಾಗಿಯೇ ಅಳುತ್ತವೆ. ಕೆಲವು ಮಕ್ಕಳು ಅಳುವುದಿಲ್ಲ. ಕೈಕಾಲು ಜೋತು ಬಿದ್ದಿರುತ್ತವೆ. ಆಗ ಸಮಯ ಬಹಳ ಕಡಿಮೆ. ಒಂದು ನಿಮಿಷದ ಒಳಗೆ ಮಗು ಉಸಿರಾಡಬೇಕು. ಇಲ್ಲವಾದರೆ ನರ್ಸ್ ಗಾಳಿ ಕೊಡಲು ಶುರು ಮಾಡಿರಬೇಕು. ಇದನ್ನು ‘ಚಿನ್ನದ ನಿಮಿಷ’ ಎನ್ನುತ್ತಾರೆ.

ನರ್ಸ್ ಮಗುವಿನ ಮೈಯನ್ನು ಬಟ್ಟೆಯಿಂದ ಒರೆಸಬೇಕು. ಬೆಚ್ಚಗೆ ಇಡಬೇಕು. ಬೆನ್ನನ್ನು ಮೆಲ್ಲಗೆ ತಿಕ್ಕಬೇಕು. ಆದರೂ ಉಸಿರು ಬರಲಿಲ್ಲವೇ? ಮೂಗು ಬಾಯಿ ಮುಚ್ಚುವಂತೆ ಪುಟ್ಟ ಮಾಸ್ಕ್ ಇಡಬೇಕು. ಅದಕ್ಕೆ ಜೋಡಿಸಿದ ರಬ್ಬರ್ ಚೀಲವನ್ನು ಒತ್ತಿ ಗಾಳಿ ಕೊಡಬೇಕು.

ಓದುವಾಗ ಇದು ಸುಲಭ. ಮಾಡುವಾಗ ಹಾಗಲ್ಲ. ಮಾಸ್ಕ್ ಸ್ವಲ್ಪ ಓರೆಯಾದರೂ ಗಾಳಿ ಹೊರಗೆ ಹೋಗುತ್ತದೆ. ಮಗುವಿನ ಕತ್ತು ಬಗ್ಗಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ಹೆದರಿದ ಕೈ ನಡುಗುತ್ತದೆ.

ನೀವು ಬೀಡಿ ಕಟ್ಟುವುದನ್ನು ಕಲಿತದ್ದು ನೆನಪು ಉಂಟಾ? ಮೊದಲ ದಿನ ಸುರುಳಿ ಸರಿ ಬರಲಿಲ್ಲ. ಎಲೆ ಹರಿಯಿತು. ಬೇರೆ ಎಲೆ ತೆಗೆದುಕೊಂಡಿರಿ. ಕಟ್ಟುತ್ತ ಕಟ್ಟುತ್ತ ಕೈ ಪಳಗಿತು. ಆದರೆ ಮಗುವಿನ ಉಸಿರು ಹೋದರೆ ಬೇರೆ ಮಗು ತೆಗೆದುಕೊಳ್ಳಲು ಆಗುತ್ತದಾ? ಅದಕ್ಕೇ ಕಲಿಯುವವರ ತಪ್ಪು ಬೊಂಬೆಯ ಮೇಲೆ ಆಗಿಹೋಗಬೇಕು.

ಬೊಂಬೆ ಹೇಗಿರುತ್ತದೆ?

ಹುಟ್ಟಿದ ಮಗುವಿನಂಥ ಒಂದು ಬೊಂಬೆ ಇದೆ. ಒಳಗೆ ನೀರು ತುಂಬುತ್ತಾರೆ. ಎತ್ತಿಕೊಂಡರೆ ನಿಜವಾದ ಮಗುವಿನಷ್ಟೇ ಭಾರ. ಅದಕ್ಕೆ ಸಣ್ಣ ರಬ್ಬರ್ ಉಂಡೆಗಳನ್ನು ಜೋಡಿಸಿರುತ್ತಾರೆ. ಟೀಚರ್ ಒಂದನ್ನು ಒತ್ತಿದರೆ ಬೊಂಬೆ ಅಳುತ್ತದೆ. ಇನ್ನೊಂದನ್ನು ಒತ್ತಿದರೆ ಎದೆ ಏಳುತ್ತದೆ. ಮತ್ತೊಂದನ್ನು ಒತ್ತಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ.

ಟೀಚರ್ ಏನನ್ನೂ ಒತ್ತದಿದ್ದರೆ ಬೊಂಬೆ ಸುಮ್ಮನೆ ಮಲಗಿರುತ್ತದೆ. ಆಗ ವಿದ್ಯಾರ್ಥಿನಿ ಗಾಳಿ ಕೊಡಬೇಕು. ಸರಿಯಾಗಿ ಕೊಟ್ಟರೆ ಬೊಂಬೆಯ ಎದೆ ಏಳುತ್ತದೆ. ತಪ್ಪಾದರೆ ಏಳುವುದಿಲ್ಲ.

ಕೊನೆಗೆ ಎಲ್ಲರೂ ಕೂತು ಮಾತಾಡುತ್ತಾರೆ. ಯಾವುದು ಸರಿಯಾಯಿತು? ಎಲ್ಲಿ ತಡವಾಯಿತು? ಯಾರನ್ನು ಸಹಾಯಕ್ಕೆ ಕರೆಯಬೇಕಿತ್ತು? ಇಲ್ಲಿ ಬೈಯಬಾರದು. ಬೈದರೆ ತಪ್ಪನ್ನು ಮುಚ್ಚಿಡುತ್ತಾರೆ. ಮಾತಾದ ಮೇಲೆ ಮತ್ತೆ ಮಾಡಿ ನೋಡುತ್ತಾರೆ. ಇಂಥ ಕಲಿಕೆಗೆ ಇಂಗ್ಲಿಷಿನಲ್ಲಿ ಸಿಮ್ಯುಲೇಷನ್ ಎನ್ನುತ್ತಾರೆ. ನಾವು ಅಣಕು ಅಭ್ಯಾಸ ಎನ್ನಬಹುದು.

ಇದು ನಿನ್ನೆ ಮೊನ್ನೆಯದಲ್ಲ

ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಒಂದು ನರ್ಸಿಂಗ್ ಶಾಲೆ ಇತ್ತು. 1911ರಲ್ಲಿ ಅಲ್ಲಿಗೆ ಆಳೆತ್ತರದ ಬೊಂಬೆ ಬಂತು. ಅದನ್ನು ಮಾಡಿಕೊಟ್ಟವರು ಮಾರ್ತಾ ಚೇಸ್. ಅವರು ಮಕ್ಕಳಿಗೆ ಬಟ್ಟೆಯ ಬೊಂಬೆ ಮಾಡುತ್ತಿದ್ದ ಮಹಿಳೆ. ಆ ಬೊಂಬೆಗೆ ‘ಮಿಸೆಸ್ ಚೇಸ್’ ಎಂದೇ ಹೆಸರಾಯಿತು. ರೋಗಿಯನ್ನು ಹೊರಳಿಸುವುದು, ಬಟ್ಟೆ ತೊಡಿಸುವುದು ಎಲ್ಲವನ್ನೂ ಅದರ ಮೇಲೆ ಕಲಿತರು.

ನಮ್ಮ ದೇಶದಲ್ಲಿ 2009ರಲ್ಲಿ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ ಶುರುವಾಯಿತು. ಹುಟ್ಟಿದ ಮಗುವಿಗೆ ಉಸಿರು ಕೊಡುವುದನ್ನು ಅದರಲ್ಲಿ ಡಾಕ್ಟರ್ ಮತ್ತು ನರ್ಸ್‌ಗಳಿಗೆ ಕಲಿಸುತ್ತಾರೆ. 2021ರಲ್ಲಿ ಬಂದ ಹೊಸ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿಯೂ ಅಣಕು ಅಭ್ಯಾಸಕ್ಕೆ ಜಾಗ ಇದೆ.

ಬೊಂಬೆ ಒಂದೇ ಸಾಕಾ? ಸಾಲದು. ಬೊಂಬೆಗೆ ನೋವಿಲ್ಲ. ಹೆದರಿಕೆ ಇಲ್ಲ. ಹೆರಿಗೆ ನೋವಿನ ತಾಯಿಗೆ ಧೈರ್ಯ ಹೇಳುವುದನ್ನು ತಾಯಿಯ ಬಳಿ ನಿಂತೇ ಕಲಿಯಬೇಕು. ಹಿರಿಯ ನರ್ಸ್ ಪಕ್ಕದಲ್ಲಿ ಇರಬೇಕು.

ನೀವು ಮಾಡಬೇಕಾದ್ದು

ಹೆರಿಗೆಯನ್ನು ಆಸ್ಪತ್ರೆಯಲ್ಲೇ ಮಾಡಿಸಿ. ಮೊದಲೇ ಹೋಗಿ ಕೇಳಿ: “ಮಗು ಅಳದಿದ್ದರೆ ಗಾಳಿ ಕೊಡುವ ಚೀಲ, ಮಾಸ್ಕ್ ಉಂಟಾ? ಕಲಿತವರು ರಾತ್ರಿಯೂ ಇರ್ತಾರಾ?” ಕೇಳಲು ನಾಚಿಕೆ ಬೇಡ. ಮಗಳು ಬೊಂಬೆಯ ವಿಷಯ ಹೇಳಿದರೆ ನಗಬೇಡಿ. “ಎದೆ ಎದ್ದಿತಾ?” ಎಂದು ಕೇಳಿ.

ಹೊಸ ಪದಗಳು
ಅಣಕು ಅಭ್ಯಾಸ – ನಿಜ ಕೆಲಸದ ಹಾಗೆಯೇ ಮಾಡಿ ಕಲಿಯುವುದು
ನವಜಾತ ಶಿಶು – ಆಗ ತಾನೇ ಹುಟ್ಟಿದ ಮಗು
ಪಠ್ಯಕ್ರಮ – ಕಲಿಯಬೇಕಾದ ಪಾಠಗಳ ಪಟ್ಟಿ

ಉತ್ತರ ಬರೆಯಿರಿ
1. ‘ಚಿನ್ನದ ನಿಮಿಷ’ ಎಂದರೇನು?
2. ಗಾಳಿ ಸರಿಯಾಗಿ ಹೋಯಿತು ಎಂದು ವಿದ್ಯಾರ್ಥಿನಿಗೆ ಹೇಗೆ ತಿಳಿಯುತ್ತದೆ?
3. ನೀವು ಕೈಯಿಂದ ಮಾಡಿ ಕಲಿತ ಒಂದು ಕೆಲಸದ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ.