ತನಿ ಶುರುವಾದಾಗ ಏಳಬೇಡಿ

ರಾಮನವಮಿ ಬಂತೆಂದರೆ ನನ್ನ ದಿನಚರಿಯೇ ಬದಲಾಗುತ್ತದೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ಆಫೀಸು, ಸಂಜೆ ಐದಕ್ಕೆಲ್ಲ ಚೀಲ ಹೆಗಲಿಗೇರಿಸಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದತ್ತ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವದ ಮನೆ ಅದು. ನೀವೂ ಬನ್ನಿ, ಆದರೆ ಕಚೇರಿಗೆ ಅರ್ಧ ಗಂಟೆ ಮೊದಲೇ ಬನ್ನಿ.

ಮುಂದೆ ಕೂತರೆ ಮೃದಂಗದವರು ರವೆಯನ್ನು ನೀರಲ್ಲಿ ಕಲಸಿ ಎಡಗಡೆಯ ಚರ್ಮಕ್ಕೆ ಮೆತ್ತುವುದು ಕಾಣುತ್ತದೆ. ಬೆರಳಿಂದ ಒತ್ತಿ, ಒಮ್ಮೆ ಬಾರಿಸಿ, ಚೂರು ಕಿತ್ತು, ಮತ್ತೆ ಬಾರಿಸುತ್ತಾರೆ. ಆ ತೇವದ ಮುದ್ದೆಯಿಂದಲೇ ಎಡಗೈಗೆ ಆ ಗಂಭೀರ ಗುಂಕಾರ.

ಇನ್ನೊಂದು ಮಾತು, ಮುಖ್ಯವಾದದ್ದು. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದೊಡನೆ ಎಷ್ಟೋ ಜನ ಕಾಫಿಗೆ ಏಳುತ್ತಾರೆ. ನನಗದು ನಿಜಕ್ಕೂ ನೋವಿನ ವಿಷಯ. ಎರಡು ಗಂಟೆ ಗಾಯಕರ ಬೆನ್ನಿಗೆ ನಿಂತವರಿಗೆ ಸಿಗುವುದೇ ಆ ಹತ್ತು ಹದಿನೈದು ನಿಮಿಷ! ಲೆಕ್ಕ ಬಾರದೆಂದು ಹಿಂಜರಿಯಬೇಡಿ. ಆದಿತಾಳವಾದರೆ ತೊಡೆಯ ಮೇಲೆ ಎಂಟು ಎಣಿಸುತ್ತಾ ಕೂತುಬಿಡಿ. ಮೃದಂಗ ನುಡಿದದ್ದಕ್ಕೆ ಘಟ ಉತ್ತರ ಕೊಡುತ್ತದೆ. ಸರದಿ ಕಿರಿದಾಗುತ್ತಾ ಬಂದು ಇಬ್ಬರೂ ಕೂಡುತ್ತಾರೆ. ಕೊನೆಯ ಕೋರ್ವೆ, ಅಂದರೆ ಮುಕ್ತಾಯದ ಲಯದ ಜೋಡಣೆ, ಮೂರು ಸಲ ಬರುತ್ತದೆ. ಮೂರನೆಯದು ಮುಗಿದ ಕ್ಷಣಕ್ಕೇ ಗಾಯಕರು ಸಾಹಿತ್ಯದ ಸಾಲನ್ನು ಎತ್ತಿಕೊಳ್ಳುವಾಗ ನಿಮ್ಮ ಎಣಿಕೆಯೂ ಅಲ್ಲಿಗೇ ಬಂದು ಸೇರಿದರೆ, ಮೈ ಜುಮ್ಮೆನ್ನುತ್ತದೆ.

ಫೋನು ಚೀಲದಲ್ಲೇ ಇರಲಿ. ಅದನ್ನು ಎತ್ತಿ ಹಿಡಿದರೆ ಹಿಂದೆ ಕೂತ ಅಜ್ಜಿಗೆ ಘಟದವರ ಕೈ ಕಾಣುವುದಿಲ್ಲ. ಹಸಿವಾದರೆ ಮಂಗಳಕ್ಕೆ ಮುಂಚೆ ಏಳಬೇಡಿ, ಡಬ್ಬಿಯಲ್ಲಿ ಅವಲಕ್ಕಿ ತನ್ನಿ; ನಾನು ಪಕ್ಕದವರಿಗೂ ಸಾಕಾಗುವಷ್ಟು ತರುತ್ತೇನೆ.