‘ಥಿಂಕ್’ಗೆ ನಾರ್ವೇಜಿಯನ್‌ನಲ್ಲಿ ನಾಲ್ಕು ಕ್ರಿಯಾಪದ: ಮುಖ್ಯಾಂಶಗಳು

ಇಂಗ್ಲಿಷಿನ ‘ಥಿಂಕ್’ ಒಂದೇ ಪದ. ನಾರ್ವೇಜಿಯನ್ ಅದೇ ಕೆಲಸವನ್ನು ಮುಖ್ಯವಾಗಿ ನಾಲ್ಕು ಕ್ರಿಯಾಪದಗಳಿಗೆ ಹಂಚಿದೆ: ತೆಂಕೆ, ತ್ರೂ, ಸ್ಯೂನೆಸ್, ಮೇನೆ. ಕಲಿಯುವವರು ಹೆಚ್ಚಾಗಿ ಎಡವುವುದು ತ್ರೂ ಮತ್ತು ಸ್ಯೂನೆಸ್ ನಡುವೆ. ಆದ್ದರಿಂದ ಇಲ್ಲಿ ಅವೆರಡಕ್ಕೇ ಹೆಚ್ಚು ಜಾಗ.

ತೆಂಕೆ: ಯೋಚಿಸು

ತಲೆಯೊಳಗೆ ನಡೆಯುವ ಯೋಚನೆಗೆ ತೆಂಕೆ. ವರ್ತಮಾನದಲ್ಲಿ ತೆಂಕೆರ್, ಭೂತದಲ್ಲಿ ತೆಂಕ್ತೆ. ಜೊತೆಗೆ ಬರುವ ಪದ ಬದಲಾದಂತೆ ಅರ್ಥ ಹೊರಳುತ್ತದೆ:

- ತೆಂಕೆ ಪೋ: ಒಬ್ಬರನ್ನೋ ಒಂದು ವಿಷಯವನ್ನೋ ನೆನೆಯುವುದು. ‘ಯೈ ತೆಂಕೆರ್ ಪೋ ದೈ’ ಎಂದರೆ ನಿನ್ನ ಬಗ್ಗೆಯೇ ಯೋಚಿಸುತ್ತಿದ್ದೇನೆ.
- ತೆಂಕೆ ಓವೆರ್: ಕೂತು ಆಲೋಚಿಸುವುದು.
- ತೆಂಕೆ ಸೈ: ಕಲ್ಪಿಸಿಕೊಳ್ಳುವುದು.
- ಹಾರ್ ತೆಂಕ್ತ್ ಓ: ಮಾಡಬೇಕೆಂದಿರುವುದು. ‘ಯೈ ಹಾರ್ ತೆಂಕ್ತ್ ಓ ರೈಸೆ’ ಎಂದರೆ ಪ್ರಯಾಣ ಹೊರಡಬೇಕೆಂದಿದ್ದೇನೆ. ಇಲ್ಲಿ ಯೋಚನೆಗಿಂತ ಉದ್ದೇಶ ಮುಖ್ಯ.

ಹೊಸದೊಂದು ಉಪಾಯ ಹೊಳೆಯಿತು ಎನ್ನುವುದಕ್ಕೆ ತೆಂಕೆ ಬೇಡ. ಅದಕ್ಕೆ ‘ಫಿನ್ನೆ ಪೋ’ ಇದೆ.

ತ್ರೂ ಮತ್ತು ಸ್ಯೂನೆಸ್

ಉತ್ತರ ನನ್ನ ಹೊರಗೆ ಎಲ್ಲೋ ಖಚಿತವಾಗಿ ಇದೆ, ನನಗೆ ಮಾತ್ರ ಪೂರ್ತಿ ಗೊತ್ತಿಲ್ಲ ಎಂದಾಗ ತ್ರೂ. ಅನುಭವಿಸಿ, ನೋಡಿ, ರುಚಿ ಸವಿದು ಹೇಳುವ ನನ್ನ ಅಭಿಪ್ರಾಯಕ್ಕೆ ಸ್ಯೂನೆಸ್.

ಊಟದ ಉದಾಹರಣೆ ತೆಗೆದುಕೊಳ್ಳಿ. ತಟ್ಟೆಯಲ್ಲಿ ಕೆಂಪಗೆ ಕಾಣುವ ಸಾರನ್ನು ಇನ್ನೂ ಬಾಯಿಗಿಟ್ಟಿಲ್ಲ; ಆಗ ಹೇಳಬೇಕಾದದ್ದು ‘ಯೈ ತ್ರೂರ್ ಮಾತೆನ್ ಎರ್ ಸ್ತರ್ಕ್’, ಊಟ ಖಾರವಿರಬೇಕು. ಉಂಡ ಮೇಲೆ ಮಾತು ‘ಯೈ ಸ್ಯೂನೆಸ್ ಮಾತೆನ್ ಎರ್ ಸ್ತರ್ಕ್’, ನನಗೆ ಖಾರ ಅನ್ನಿಸಿತು. ಎರಡೂ ವಾಕ್ಯ ವ್ಯಾಕರಣಬದ್ಧ. ಆದರೆ ಮೊದಲನೆಯದನ್ನು ಉಂಡೆದ್ದವರು ಹೇಳಿದರೆ ಕೇಳುವವರಿಗೆ ವಿಚಿತ್ರವಾಗಿ ಕಾಣುತ್ತದೆ.

ಗಂಟೆ ಐದಾಗಿರಬೇಕು ಎನ್ನಲು ‘ಯೈ ತ್ರೂರ್ ಕ್ಲೊಕ್ಕಾ ಎರ್ ಫೆಮ್’. ಇಲ್ಲಿ ಸ್ಯೂನೆಸ್ ತಪ್ಪು, ಏಕೆಂದರೆ ಗಂಟೆ ಎಷ್ಟು ಎಂಬುದು ಅಭಿಪ್ರಾಯದ ವಿಷಯವಲ್ಲ. ನಾರ್ವೆಯ ಬೆರ್ಗೆನ್‌ನಲ್ಲಿ ಮಳೆ ಬರುತ್ತಿರಬಹುದು ಎನ್ನಲೂ ತ್ರೂ. ಬೆರ್ಗೆನ್ ಚೆಂದದ ಊರು ಎಂದು, ಹೋಗಿ ಬಂದವರು ಹೇಳುವಾಗ ಸ್ಯೂನೆಸ್.

ಕನ್ನಡದ ಮೂಲಕವೇ ಹಿಡಿಯಿರಿ

ಇದು ನಾನು ಒತ್ತಿ ಹೇಳಬೇಕೆಂದಿರುವ ಅಂಶ. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ನಾರ್ವೇಜಿಯನ್‌ಗೆ ಹೋಗುವ ವಿದ್ಯಾರ್ಥಿ ದಾರಿಯಲ್ಲೇ ಈ ಭೇದವನ್ನು ಕಳೆದುಕೊಳ್ಳುತ್ತಾನೆ. ಇಂಗ್ಲಿಷ್ ಎರಡನ್ನೂ ‘ಥಿಂಕ್’ ಎಂದು ಒಂದು ಮಾಡಿರುತ್ತದೆ. ನಮ್ಮ ‘ಅನ್ನಿಸುತ್ತದೆ’ ಕೂಡ ಎರಡೂ ಕಡೆ ಬಳಕೆಯಾಗುತ್ತದೆ ನಿಜ: ಮಳೆ ಬರುತ್ತದೆ ಅನ್ನಿಸುತ್ತದೆ, ಹಾಡು ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಅವೆರಡನ್ನು ಬೇರ್ಪಡಿಸುವ ಸಾಧನವೂ ನಮ್ಮ ವ್ಯಾಕರಣದಲ್ಲೇ ಇದೆ. ಶಾಲೆಯಲ್ಲಿ ಓದಿದ ಸಂಭಾವನಾರ್ಥಕ ಕ್ರಿಯಾಪದವನ್ನು ನೆನಪು ಮಾಡಿಕೊಳ್ಳಿ: ಬಂದೀತು, ಇದ್ದೀತು, ಆದೀತು. ವಾಕ್ಯವನ್ನು ಆ ರೂಪಕ್ಕೆ ತಿರುಗಿಸಿದಾಗ ಅರ್ಥ ಕೆಡದಿದ್ದರೆ ತ್ರೂ. ‘ಮಳೆ ಬಂದೀತು’ ಸರಿಹೋಗುತ್ತದೆ, ಹಾಗಾಗಿ ತ್ರೂ. ಹಾಡು ಕೇಳಿಯಾದ ಮೇಲೆ ‘ಹಾಡು ಚೆನ್ನಾಗಿದ್ದೀತು’ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ಯೂನೆಸ್.

ಭೂತಕಾಲ

ತ್ರೂ ಭೂತಕಾಲದಲ್ಲಿ ತ್ರುದ್ದೆ ಆಗುತ್ತದೆ. ಊಹೆ ಸುಳ್ಳಾಯಿತು ಎಂಬ ಸೂಚನೆ ಅದರಲ್ಲಿ ಹೆಚ್ಚಾಗಿ ಇರುತ್ತದೆ. ‘ಯೈ ತ್ರುದ್ದೆ ದೂ ವಾರ್ ಲೇಗೆ’: ನೀವು ಡಾಕ್ಟರು ಅಂದುಕೊಂಡಿದ್ದೆ (ಅಲ್ಲವಂತೆ). ಕನ್ನಡದ ‘ಅಂದುಕೊಂಡಿದ್ದೆ’ಯಲ್ಲೂ ಇದೇ ಧ್ವನಿ. ಸ್ಯೂನೆಸ್‌ನ ಮೂಲರೂಪ ಮತ್ತು ವರ್ತಮಾನ ರೂಪ ಎರಡೂ ಒಂದೇ, ಕೊನೆಗೆ ‘ರ್’ ಸೇರುವುದಿಲ್ಲ, ಭೂತಕಾಲ ಸ್ಯುಂತೆಸ್.

ಮೇನೆ

ಕಾರಣ ಕೊಟ್ಟು ಸಮರ್ಥಿಸಬಲ್ಲ ನಿಲುವಿಗೆ ಮೇನೆ (ಮೇನೆರ್, ಮೇನ್ತೆ). ಶಾಲೆ, ತೆರಿಗೆ, ಪರಿಸರದಂಥ ವಿಷಯಗಳ ಮೇಲೆ ವಾದ ಮಂಡಿಸುವಾಗ ಇದು ಸ್ಯೂನೆಸ್‌ಗಿಂತ ಗಟ್ಟಿ. ‘ವಾ ಮೇನೆರ್ ದೂ?’ ಎಂಬ ಪ್ರಶ್ನೆಗೆ ಎರಡು ಅರ್ಥ: ನಿಮ್ಮ ಅಭಿಪ್ರಾಯವೇನು, ಅಥವಾ ನೀವು ಹೇಳಿದ್ದರ ಅರ್ಥವೇನು. ಸಂದರ್ಭ ನೋಡಿ ಉತ್ತರಿಸಬೇಕು. ಇತ್ತೀಚೆಗೆ ಅಭಿಪ್ರಾಯ ಹೇಳಲೂ ‘ಯೈ ತೆಂಕೆರ್ ಆತ್’ ಎನ್ನುವ ರೂಢಿ ಮಾತಿನಲ್ಲಿ ಹೆಚ್ಚಿದೆ. ಪರೀಕ್ಷೆಯ ಬರವಣಿಗೆಯಲ್ಲಿ ಸ್ಯೂನೆಸ್ ಅಥವಾ ಮೇನೆ ಬಳಸುವುದೇ ಕ್ಷೇಮ.

ಇಂಗ್ಲಿಷಿನಲ್ಲಿ ಒಂದೇ ಪದವಾದದ್ದು ಹೇಗೆ?

ಹಳೆಯ ಇಂಗ್ಲಿಷಿನಲ್ಲೂ ಎರಡು ಕ್ರಿಯಾಪದಗಳಿದ್ದವು: ಯೋಚಿಸುವುದಕ್ಕೆ ಥೆಂಚನ್, ‘ತೋರು’ ಎಂಬುದಕ್ಕೆ ಥ್ಯುಂಚನ್. ಉಚ್ಚಾರಣೆ ಹತ್ತಿರವಾಗುತ್ತಾ ಹೋಗಿ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅವು ಬೆರೆತುಹೋದವು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸಿಗುವ ‘ಮೀಥಿಂಕ್ಸ್’ ಎರಡನೆಯದರ ಉಳಿಕೆ. ಅದರ ರಚನೆ ‘ನಾನು ಯೋಚಿಸುತ್ತೇನೆ’ ಎಂದಲ್ಲ, ‘ನನಗೆ ತೋರುತ್ತದೆ’ ಎಂದು; ನಮ್ಮ ‘ನನಗೆ ಅನ್ನಿಸುತ್ತದೆ’ಯ ಚತುರ್ಥಿ ವಿಭಕ್ತಿಯಂತೆಯೇ. ಥ್ಯುಂಚನ್‌ನ ಸ್ಕ್ಯಾಂಡಿನೇವಿಯನ್ ದಾಯಾದಿ ಸ್ವೀಡಿಷ್‌ನಲ್ಲಿ ‘ತ್ಯುಕ್ಕಾ’ ಆಗಿ ಇಂದಿಗೂ ನಿತ್ಯಬಳಕೆಯಲ್ಲಿದೆ. ಡ್ಯಾನಿಷ್ ಮತ್ತು ನಾರ್ವೆಯ ಬೂಕ್‌ಮೋಲ್ ಬರಹರೂಪ ಆ ಜಾಗದಲ್ಲಿ ಸ್ಯೂನೆಸ್ ಬಳಸುತ್ತವೆ.

ಬೂಕ್‌ಮೋಲ್, ನ್ಯೂನೊರ್ಸ್ಕ್

- ನಾರ್ವೇಜಿಯನ್‌ಗೆ ಎರಡು ಅಧಿಕೃತ ಬರಹರೂಪಗಳು. ಸಂಸತ್ತು ಸಮಾನ ಸ್ಥಾನ ಕೊಟ್ಟದ್ದು 1885ರಲ್ಲಿ. ಈಗಿನ ಹೆಸರುಗಳು ಬಂದದ್ದು 1929ರಲ್ಲಿ.
- ನ್ಯೂನೊರ್ಸ್ಕ್‌ಗೆ ಅಡಿಪಾಯ ಹಾಕಿದವರು ಈವಾರ್ ಓಸೆನ್ (1813–1896). ಹಳ್ಳಿಗಾಡಿನ ಆಡುಮಾತುಗಳನ್ನು ಊರೂರು ಸುತ್ತಿ ಸಂಗ್ರಹಿಸಿ, 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು ಪ್ರಕಟಿಸಿದರು.
- ಮೇಲಿನ ಉದಾಹರಣೆಗಳೆಲ್ಲ ಹೆಚ್ಚಿನವರು ಬರೆಯುವ ಬೂಕ್‌ಮೋಲ್‌ನವು. ನ್ಯೂನೊರ್ಸ್ಕ್‌ನಲ್ಲಿ ‘ಯೈ’ ಬದಲು ‘ಎಗ್’, ತೆಂಕೆ ಬದಲು ತೆಂಕ್ಯೆ, ಮೇನೆ ಬದಲು ಮೈನೆ. ಸ್ಯೂನೆಸ್ ಜಾಗದಲ್ಲಿ ಸ್ಯೂನೆಸ್ತ್ ಬರಬಹುದು, ಸ್ವೀಡಿಷ್‌ನ ತ್ಯುಕ್ಕಾಕ್ಕೆ ಸೋದರಿಯಾದ ತ್ಯುಕ್ಯೆಯೂ ಬರಬಹುದು.

ಚುಟುಕು ಉತ್ತರಗಳು

ಹೌದು ಅನ್ನಿಸುತ್ತದೆ ಎನ್ನಲು ‘ಯೈ ತ್ರೂರ್ ದೇ’; ಇಲ್ಲ ಅನ್ನಿಸುತ್ತದೆ ಎನ್ನಲು ‘ಯೈ ತ್ರೂರ್ ಇಕ್ಕೆ ದೇ’. ಪ್ರಶ್ನೆ ರುಚಿ, ಅಭಿರುಚಿಯದಾಗಿದ್ದರೆ ಉತ್ತರದಲ್ಲೂ ತ್ರೂರ್ ತೆಗೆದು ಸ್ಯೂನೆಸ್ ಹಾಕಬೇಕು. ‘ತ್ರೂ ಪೋ’ ಬೇರೆಯೇ ಅರ್ಥದ್ದು: ದೇವರಲ್ಲಿ, ಮನುಷ್ಯನಲ್ಲಿ ಇಡುವ ನಂಬಿಕೆ. ‘ಪೋ’ ಇಲ್ಲದ ‘ಯೈ ತ್ರೂರ್ ದೈ’ ಎಂದರೆ ಈಗ ನೀನು ಹೇಳಿದ ಮಾತನ್ನು ನಂಬುತ್ತೇನೆ ಎಂದಷ್ಟೇ.