ಡೇಟಾ ಮಿತಿಯೂ ಭೋಗಪರಿಮಾಣವೂ

ಹೊನ್ನಾವರ ತಾಲೂಕಿನ ಅಪ್ಸರಕೊಂಡವು ಜಲಪಾತ, ಗುಹೆ ಮತ್ತು ಕಡಲತೀರಗಳಿಂದ ಹೆಸರಾದ ಸ್ಥಳ. ಇಂತಹ ಊರುಗಳಲ್ಲಿಯೂ ಇಂದು ಅಂಗಡಿಯ ಹಣವನ್ನು ಮೊಬೈಲಿನಿಂದಲೇ ಸಲ್ಲಿಸುವರು. ಕಡಲಿಗೆ ಹೊರಡುವವರು ಗಾಳಿಮಳೆಯ ಮುನ್ಸೂಚನೆಯನ್ನು ಅದರಲ್ಲಿಯೇ ನೋಡುವರು. ಮಕ್ಕಳು ಪಾಠ ಕೇಳುವರು. ಹೀಗಾಗಿ ಡೇಟಾ ಎಂಬುದು ಅಕ್ಕಿ, ಎಣ್ಣೆಗಳೊಡನೆ ಮನೆಯ ಖರ್ಚಿನ ಲೆಕ್ಕವನ್ನು ಸೇರಿದೆ. ಕಂಪನಿಗಳು ವಿಧಿಸುವ ಡೇಟಾ ಮಿತಿಯು ಸಾಮಾನ್ಯ ಬಳಕೆದಾರನಿಗೆ ನಿಜವಾಗಿಯೂ ಬಾಧಕವೇ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಮಿತಿಯ ಸ್ವರೂಪ

ಹಿಂದೆ ಇದ್ದುದು ತಿಂಗಳ ಮಿತಿ. ಸುಮಾರು 250 ರೂಪಾಯಿ ಕೊಟ್ಟರೆ ತಿಂಗಳಿಗೆ 1 ಜಿಬಿ ದೊರೆಯುತ್ತಿತ್ತು. ಅದನ್ನು ಜನರು ಎಣಿಸಿ ಬಳಸುತ್ತಿದ್ದರು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾದ ಮೇಲೆ ಬೆಲೆ ಕುಸಿಯಿತು ಮತ್ತು ದಿನದ ಮಿತಿಯು ರೂಢಿಗೆ ಬಂದಿತು. ದಿನಕ್ಕೆ 1.5 ಜಿಬಿ ಎಂದರೆ 28 ದಿನಗಳಿಗೆ 42 ಜಿಬಿ. ಆದರೆ ಅಂದು ಉಳಿದದ್ದು ನಾಳೆಗೆ ಬಾರದು. ನಡುರಾತ್ರಿಗೆ ಅದು ಅಳಿಯುತ್ತದೆ. ಮಿತಿ ಮೀರಿದರೆ ಸಂಪರ್ಕವು ಪೂರ್ತಿ ನಿಲ್ಲದೆ ಬಹಳ ಮಂದವಾಗುತ್ತದೆ.

2. ಬಳಕೆಯ ಲೆಕ್ಕ

ಬರೆದ ಸಂದೇಶಕ್ಕೂ ಹಣದ ಪಾವತಿಗೂ ತಗಲುವ ಡೇಟಾ ಅತ್ಯಲ್ಪ. ವಾಟ್ಸಾಪಿನಲ್ಲಿ ಅರ್ಧ ಗಂಟೆ ಮಾತನಾಡಿದರೆ ಸುಮಾರು 15 ಎಂಬಿ. ಹವಾಮಾನ, ಬ್ಯಾಂಕು, ಪತ್ರಿಕೆ, ಕೆಲವು ಭಾವಚಿತ್ರಗಳು ಎಲ್ಲವೂ ಸೇರಿದರೂ ದಿನಕ್ಕೆ 200 ಎಂಬಿ ದಾಟುವುದು ಅಪರೂಪ. ವೀಡಿಯೊದ ಮಾತು ಬೇರೆ. ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಗಂಟೆಗೆ ಸುಮಾರು ಅರ್ಧ ಜಿಬಿ, ಹೆಚ್ಚಿನ ಸ್ಪಷ್ಟತೆಗೆ ಒಂದೂವರೆ ಜಿಬಿ ಅಥವಾ ಅದಕ್ಕೂ ಅಧಿಕ ಬೇಕು. ಎರಿಕ್ಸನ್ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಭಾರತದಲ್ಲಿ ಒಂದು ಸ್ಮಾರ್ಟ್‌ಫೋನಿನ ಸರಾಸರಿ ಬಳಕೆ ತಿಂಗಳಿಗೆ 32 ಜಿಬಿ. ಅವಶ್ಯಕ ಕಾರ್ಯಗಳಿಂದ ಮಾತ್ರ ಇಷ್ಟೊಂದು ಆಗದೆಂಬುದು ಸ್ಪಷ್ಟ. ಮಿತಿಯನ್ನು ಮುಟ್ಟಿಸುವುದು ಬಹುಮಟ್ಟಿಗೆ ವೀಡಿಯೊ ನೋಟವೇ.

3. ಮಿತಿಯು ಯಾರಿಗೆ ಬಾಧಕ?

ಮಿತಿಯ ಬಾಧೆ ಎಲ್ಲರಿಗೂ ಸಮಾನವಲ್ಲ. ಮನೆಯಲ್ಲಿ ವೈಫೈ ಇರುವವನಿಗೆ ಅದರ ಅರಿವೇ ಇರದು. ಒಂದೇ ಫೋನನ್ನು ನಾಲ್ವರು ಹಂಚಿಕೊಳ್ಳುವ ಮನೆಗೆ ಅದು ನಿಜವಾದ ಕೊರತೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡು ಕರಾವಳಿಗಳ ಮಕ್ಕಳು ಸಂಪರ್ಕಕ್ಕಾಗಿ ಗುಡ್ಡ ಹತ್ತಿದುದನ್ನು ನಾವೆಲ್ಲರೂ ಬಲ್ಲೆವು. ಅಂತಹ ಕಡೆ ಡೇಟಾ ಇದ್ದೂ ಫಲವಿರಲಿಲ್ಲ. ಕೊರತೆ ಇದ್ದುದು ಸಂಕೇತದ್ದು.

ಹಣದ ಬಾಧೆಯೂ ಉಂಟು. 28 ದಿನಗಳ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ ರೀಚಾರ್ಜ್ ಮಾಡಬೇಕಾಗುತ್ತದೆ. 2024ರ ಜುಲೈನಲ್ಲಿ ಜಿಯೋದ ದಿನಕ್ಕೆ 1.5 ಜಿಬಿಯ ಯೋಜನೆಯು 239ರಿಂದ 299 ರೂಪಾಯಿಗೆ ಏರಿತು. ಆ ದರದಂತೆ ಒಂದು ಫೋನಿಗೆ ವರ್ಷಕ್ಕೆ 3,887 ರೂಪಾಯಿ. ಡೇಟಾ ಬೇಡದವರೂ ಅದನ್ನು ಕೊಳ್ಳಬೇಕಾದ ಸ್ಥಿತಿಯನ್ನು ಕಂಡು, ಮಾತು ಮತ್ತು ಸಂದೇಶಗಳಿಗೆ ಮಾತ್ರ ಪ್ರತ್ಯೇಕ ಯೋಜನೆ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ವೃದ್ಧರಿರುವ ಮನೆಗಳು ಇದನ್ನು ಗಮನಿಸಬೇಕು.

4. ಭೋಗ ಮತ್ತು ಪರಿಮಾಣ

ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸಬಹುದಾದುದು ಉಪಭೋಗ ಎಂಬ ವಿವೇಚನೆಯನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ವಾಚಕರು ಓದಿರುವರು. ಅನ್ನವು ಭೋಗ, ವಸ್ತ್ರವು ಉಪಭೋಗ. ಈ ದೃಷ್ಟಿಯಿಂದ ಫೋನು ಉಪಭೋಗ, ಡೇಟಾ ಭೋಗ. ಎರಡಕ್ಕೂ ಪರಿಮಾಣ ಸಲ್ಲುತ್ತದೆ.

ಶಂಕೆ: ಕಂಪನಿಯೇ ಮಿತಿ ಹಾಕಿರುವಾಗ ಪರಿಮಾಣವು ತಾನಾಗಿಯೇ ಆಯಿತಲ್ಲವೇ?

ಸಮಾಧಾನ: ಇಲ್ಲ. ಬಳಸಲು ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ವಿರಮಿಸುವುದೇ ವ್ರತವೆಂದು ಅದೇ ಗ್ರಂಥದ ಅಭಿಪ್ರಾಯ. ಅನ್ನ ದೊರೆಯದೆ ಹಸಿದವನು ಉಪವಾಸಿಯಲ್ಲ. ಅದರಂತೆ ಡೇಟಾ ಮುಗಿದುದರಿಂದ ಫೋನನ್ನು ಕೆಳಗಿಟ್ಟವನು ಸಂಯಮಿಯಲ್ಲ. ಅಷ್ಟೇ ಅಲ್ಲ, ದಿನದ ಮಿತಿಯು ಹಲವೊಮ್ಮೆ ಬಯಕೆಯನ್ನು ಹೆಚ್ಚಿಸುತ್ತದೆ. 'ನಡುರಾತ್ರಿಗೆ ಹಾಳಾಗುವುದಲ್ಲ, ನೋಡಿ ಮುಗಿಸೋಣ' ಎಂದು ನಿದ್ರೆಗೆಟ್ಟು ಕುಳಿತವನನ್ನು ಆ ಮಿತಿಯು ತಡೆಯಲಿಲ್ಲ, ಪ್ರೇರಿಸಿತು. ಎಲೆಗೆ ಬಡಿಸಿದ್ದು ಹಾಳಾದೀತೆಂದು ಹೊಟ್ಟೆ ಕೆಡಿಸಿಕೊಳ್ಳುವವನ ರೀತಿಯೂ ಇದೇ.

ಶಂಕೆ: ಹಾಗಾದರೆ ಮಿತಿಯಿಲ್ಲದ 5ಜಿ ಯೋಜನೆ ಪಡೆದವನ ಗತಿ ಏನು?

ಸಮಾಧಾನ: ಅವನಿಗೆ ಹೊರಗಿನ ಅಳತೆ ಹೋಯಿತು, ಆದುದರಿಂದ ಒಳಗಿನ ಅಳತೆಯೊಂದೇ ಉಳಿಯಿತು. ಅವನ ಹೊಣೆ ಇತರರಿಗಿಂತ ಹಿರಿದು.

5. ಆಚರಣೆ

ಮೊದಲು ಒಂದು ವಾರ ಲೆಕ್ಕವಿಡಬೇಕು. ಯಾವ ಕಾರ್ಯಕ್ಕೆ ಎಷ್ಟು ಡೇಟಾ ಹೋಯಿತೆಂಬುದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಕಾಣಬಹುದು. ಎರಡನೆಯದಾಗಿ, ಚಿತ್ರ ಮತ್ತು ವೀಡಿಯೊಗಳು ತಾವಾಗಿ ಇಳಿದು ಬರುವುದನ್ನು ನಿಲ್ಲಿಸಬೇಕು. ವೀಡಿಯೊದ ಸ್ಪಷ್ಟತೆಯನ್ನು ತಗ್ಗಿಸಬೇಕು. ಮೂರನೆಯದಾಗಿ, ಬಳಕೆಯು ಯೋಜನೆಗಿಂತ ಬಹಳ ಕಡಿಮೆ ಇದ್ದರೆ ಚಿಕ್ಕ ಯೋಜನೆಗೆ ಇಳಿಯಬೇಕು. ಉಳಿದ ಹಣವು ಮನೆಯದು. ನಾಲ್ಕನೆಯದಾಗಿ, ಕಾಲದ ಅವಧಿಯಿಟ್ಟು ನಿಯಮ ಸ್ವೀಕರಿಸಬೇಕು. ಅಷ್ಟಮಿ ಚತುರ್ದಶಿಗಳಂದು ವೀಡಿಯೊ ತ್ಯಾಗ, ಅಥವಾ ಪ್ರತಿದಿನ ಸೂರ್ಯಾಸ್ತದ ತರುವಾಯ ಒಂದು ಗಂಟೆ ಫೋನಿನ ತ್ಯಾಗ ಎಂಬಷ್ಟು ಅಲ್ಪವಾದರೂ ಸಾಕು. ಕರೆ, ಚಿಕಿತ್ಸೆ, ಕಡಲಿನ ಎಚ್ಚರಿಕೆಗಳನ್ನು ಹೊರತುಪಡಿಸಿಯೇ ನಿಯಮ ಮಾಡತಕ್ಕದ್ದು. ಪಾಲಿಸಲಾಗದ ನಿಯಮವು ಭಂಗಕ್ಕೆ ದಾರಿ.

ಇದು ಒಬ್ಬೊಬ್ಬರಿಂದ ಮಾತ್ರ ಆಗತಕ್ಕ ಕಾರ್ಯವೂ ಅಲ್ಲ. ಬೆಳಗಾವಿ ತಾಲೂಕಿನ ಹಲಗಾ ಗ್ರಾಮದವರು ಸಂಜೆ 7ರಿಂದ 9ರವರೆಗೆ ಟಿ.ವಿ. ಮತ್ತು ಮೊಬೈಲುಗಳನ್ನು ಬದಿಗಿಡುವ ನಿರ್ಧಾರ ಕೈಗೊಂಡರು. ಮಕ್ಕಳ ಓದು ಅದರ ಉದ್ದೇಶ. ಒಂದು ಊರು ಕೂಡಿ ಮಾಡಬಹುದಾದುದನ್ನು ಒಂದು ಮನೆಯು ಮಾಡಲಾರದೇ?

ಸಾರವಿಷ್ಟು: ಅವಶ್ಯಕ ಕಾರ್ಯಗಳಿಗೆ ಇಂದಿನ ಡೇಟಾ ಮಿತಿಯು ಹೆಚ್ಚಿನವರಿಗೆ ಸಾಕಾಗಿಯೂ ಉಳಿಯುತ್ತದೆ, ಹಂಚಿಕೊಂಡು ಬಳಸುವ ಬಡವರಿಗೆ ಮಾತ್ರ ಅದು ಬಾಧಕ. ಉಳಿದವರಿಗೆ ಮುಖ್ಯವಾದುದು ಕಂಪನಿಯ ಮಿತಿಯಲ್ಲ, ತಾವೇ ಇಟ್ಟುಕೊಳ್ಳುವ ಪರಿಮಾಣ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಫೋನು ಮತ್ತು ಡೇಟಾಗಳಲ್ಲಿ ಭೋಗ ಯಾವುದು, ಉಪಭೋಗ ಯಾವುದು? ಏಕೆ?
2. ಹೊರಗಿನ ಮಿತಿಯು ವ್ರತವೆನಿಸದಿರಲು ಕಾರಣವೇನು?
3. ನಿಮ್ಮ ಮನೆಯ ಒಂದು ವಾರದ ಡೇಟಾದಲ್ಲಿ ಅವಶ್ಯಕ ಕಾರ್ಯಕ್ಕೆ ಸಂದುದೆಷ್ಟು? ಬರೆದು ನೋಡಿರಿ.